ಕೈಕಸುಬಿನಲ್ಲಿ ಹಳತು ಮತ್ತು ಹೊಸತು

ಗಾಂಧಿ ಬಜಾರಿನಲ್ಲಿಯೋ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೋ ಬಟ್ಟೆ ಕೊಳ್ಳಲು ಹೊರಟವರಿಗೆ ‘ಬಾಟಿಕ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಬಟ್ಟೆ ದೊರೆಯುವುದುಂಟು. ಎರಡರಲ್ಲಿಯೂ ಕಡುನೀಲಿಯ ನೆಲ, ಅದರ ಮೇಲೆ ಬಿಳಿಯ ಬಳ್ಳಿ, ಬಳ್ಳಿಯ ಮೈಮೇಲೆ ಜೇಡರ ಬಲೆಯಂತಹ ಸಣ್ಣ ಬಿರುಕುಗೆರೆಗಳು. ದೂರದಿಂದ ನೋಡಿದವರಿಗೆ ಭೇದ ಕಾಣದು. ಬಟ್ಟೆಯನ್ನು ಮಗುಚಿ ನೋಡಿದ ಮರುಕ್ಷಣವೇ ಗುಟ್ಟು ಬಯಲಾಗುತ್ತದೆ. ಒಂದರ ಹಿಂಬದಿಯಲ್ಲಿಯೂ ಬಣ್ಣವು ಮುಂಬದಿಯಷ್ಟೇ ಗಾಢವಾಗಿರುತ್ತದೆ. ಅದರ ಬಿರುಕುಗೆರೆಗಳಲ್ಲಿ ಒಂದು ಇನ್ನೊಂದರಂತಿರುವುದಿಲ್ಲ. ಮತ್ತೊಂದರ ಹಿಂಬದಿ ಸಾಮಾನ್ಯವಾಗಿ ಮಂಕು. ಅದೇ ಬಿರುಕು ಅದೇ ಅಂತರದಲ್ಲಿ ಥಾನಿನ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಮೊದಲನೆಯದು ಮೇಣ ಹಿಡಿದ ಕೈಯ ಕೆಲಸ. ಎರಡನೆಯದು ಯಂತ್ರವು ಅಚ್ಚೊತ್ತಿದ ಅನುಕರಣ.

ಅಚ್ಚಿನ ಬಟ್ಟೆಯನ್ನು ಕೊಳ್ಳುವುದು ತಪ್ಪಲ್ಲ. ಅಗ್ಗದ ಬಟ್ಟೆಯಿಂದ ಎಷ್ಟೋ ಬಡ ಸಂಸಾರಗಳ ಮೈ ಮುಚ್ಚಿದೆ. ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ತಪ್ಪಿರುವುದು ಹೆಸರಿನಲ್ಲಿ. ಕೈಕೆಲಸದ ಹೆಸರನ್ನು ಕೈ ಮುಟ್ಟದ ವಸ್ತುವಿಗೆ ಅಂಟಿಸಿದಾಗ ಕೊಂಡವನಿಗೂ ಮೋಸ, ಮಾಡುವವನಿಗೂ ಮೋಸ. ಈ ಮೋಸವನ್ನು ಕಂಡ ಕೆಲವರು ಹೊಸತೆಲ್ಲವೂ ಕೇಡೆಂದು ಬಗೆದು ಹಳೆಯದನ್ನು ಇದ್ದಂತೆಯೇ ಉಳಿಸಬೇಕೆನ್ನುತ್ತಾರೆ. ಮತ್ತೆ ಕೆಲವರು ಕೈಕಸುಬಿನ ಕಾಲ ಮುಗಿಯಿತು, ಅದರ ಚೆಲುವು ಯಂತ್ರದಲ್ಲಿ ಉಳಿದರೆ ಸಾಕೆನ್ನುತ್ತಾರೆ. ಈ ಎರಡು ಮಾತುಗಳೂ ಅರ್ಧ ಸತ್ಯಗಳೇ. ಹಳತು ಹೊಸತುಗಳ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಕಸುಬು ನಡೆಯುವ ಬಗೆಯನ್ನು ನೋಡಬೇಕು.

ಬಾಟಿಕ್ ಎಂದರೆ ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಎನ್ನುವುದಕ್ಕಿಂತ, ಬಣ್ಣ ತಗುಲದಂತೆ ತಡೆಯುವ ವಿದ್ಯೆ ಎನ್ನುವುದೇ ಸರಿ. ಕೋರಾ ಬಟ್ಟೆಯನ್ನು ಸಾಬೂನು, ವಾಷಿಂಗ್ ಸೋಡಾಗಳಲ್ಲಿ ಕುದಿಸಿ, ಅದರ ಗಂಜಿಯನ್ನೂ ಜಿಡ್ಡನ್ನೂ ತೆಗೆಯುತ್ತಾರೆ. ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದು, ಬಿಳಿಯಾಗಿಯೇ ಉಳಿಯಬೇಕಾದ ಭಾಗಕ್ಕೆ ಕರಗಿದ ಮೇಣವನ್ನು ಹಚ್ಚುತ್ತಾರೆ. ಜೇನುಮೇಣ ಬಾಗುತ್ತದೆ, ಬಟ್ಟೆಯನ್ನು ಬಿಡದೆ ಹಿಡಿಯುತ್ತದೆ. ಪ್ಯಾರಫಿನ್ ಮೇಣ ಬಿರುಸು, ಮಡಿಸಿದರೆ ಒಡೆಯುತ್ತದೆ. ಎಷ್ಟು ಬಿರುಕು ಬೇಕೋ ಅದಕ್ಕೆ ತಕ್ಕಂತೆ ಇವೆರಡನ್ನೂ ಬೆರೆಸುವುದೇ ಅರ್ಧ ವಿದ್ಯೆ. ಮೇಣದ ಕಾವು ಕಡಮೆಯಾದರೆ ಅದು ಬಟ್ಟೆಯ ಮೇಲೆಯೇ ಹೆಪ್ಪುಗಟ್ಟಿ ಕುಳಿತು ಬಣ್ಣಕ್ಕೆ ದಾರಿ ಬಿಡುತ್ತದೆ. ಹೆಚ್ಚಾದರೆ ಗೆರೆ ಹರಡಿ ಚಿತ್ರ ಕೆಡುತ್ತದೆ, ಬೆಂಕಿಯ ಭಯವೂ ಉಂಟು. ಮೇಣ ಹಿಂಬದಿಯವರೆಗೂ ಇಳಿದು ಬಟ್ಟೆ ಪಾರದರ್ಶಕವಾಗಿ ಕಂಡಾಗಲೇ ಕಾವು ಹದವಾಗಿದೆಯೆಂದು ಅರ್ಥ. ಬಳಿಕ ತಿಳಿಬಣ್ಣದಿಂದ ಆರಂಭಿಸಿ ಗಾಢ ಬಣ್ಣದವರೆಗೆ ಒಂದೊಂದೇ ಅದ್ದುಗೆ. ಪ್ರತಿ ಅದ್ದುಗೆಗೆ ಮುನ್ನ, ಆ ಬಣ್ಣ ಉಳಿಯಬೇಕಾದ ಕಡೆಗೆ ಮತ್ತೆ ಮೇಣ. ಬಿಸಿನೀರು ತಗುಲಿದರೆ ಮೇಣ ಕರಗುವುದರಿಂದ ಬಣ್ಣದ ತೊಟ್ಟಿ ತಣ್ಣಗಿರಲೇಬೇಕು. ತಣ್ಣೀರಿನಲ್ಲಿಯೇ ಹಿಡಿಯುವ ನೀಲಿಯು ಈ ಕಲೆಗೆ ಮೊದಲಿನಿಂದ ಜೊತೆಯಾದುದು ಈ ಕಾರಣದಿಂದಲೇ. ಕೊನೆಗೆ ಕುದಿಯುವ ನೀರಿನಲ್ಲಿ ಮೇಣವನ್ನು ಬಿಡಿಸಿದಾಗ ಚಿತ್ರ ತಾನಾಗಿ ಮೂಡುತ್ತದೆ. ಇಷ್ಟೂ ಹಂತಗಳಲ್ಲಿ ಒಮ್ಮೆ ಹಚ್ಚಿದ ತಪ್ಪು ಗೆರೆಯನ್ನು ಅಳಿಸಲು ಅವಕಾಶ ಬಹು ಕಡಮೆ. ಆದುದರಿಂದ ಕೈ ಚಲಿಸುವ ಮುನ್ನ ಮನಸ್ಸು ನಿಲ್ಲಬೇಕು.

ಈ ಕಲೆ ಕನ್ನಡ ನಾಡಿನಲ್ಲಿ ಹುಟ್ಟಿದುದಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಇದು ಅತ್ಯುನ್ನತಿಗೆ ಏರಿದುದು ಜಾವಾ ದ್ವೀಪದಲ್ಲಿ. ಅಲ್ಲಿಯ ಹೆಂಗಸರು ‘ಚಾಂತಿಂಗ್’ ಎಂಬ ತಾಮ್ರದ ಮೂತಿಯ ಸಣ್ಣ ಸಾಧನದಿಂದ ಮೇಣದ ಗೆರೆ ಎಳೆಯುತ್ತಿದ್ದರು. ಒಂದು ಬಟ್ಟೆಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ‘ಚಾಪ್’ ಎಂಬ ತಾಮ್ರದ ಅಚ್ಚು ಬಂದಿತು. ಮೇಣದಲ್ಲಿ ಅದ್ದಿ ಒತ್ತಿದರೆ ತಿಂಗಳ ಕೆಲಸ ದಿನಗಳಲ್ಲಿ ಮುಗಿಯಿತು; ಬೆಲೆ ಇಳಿದು, ಸಾಮಾನ್ಯರಿಗೂ ಬಾಟಿಕ್ ದಕ್ಕಿತು. ಅದೇ ಶತಮಾನದಲ್ಲಿ ಡಚ್ ವ್ಯಾಪಾರಿಗಳು ಹಾಲೆಂಡಿನ ಗಿರಣಿಗಳಲ್ಲಿ ಜಾವಾದ ಬಟ್ಟೆಯನ್ನು ಅನುಕರಿಸಿ ಜಾವಾದಲ್ಲಿಯೇ ಮಾರಹೊರಟರು. ಜಾವಾದ ಜನಕ್ಕೆ ಅದು ಹೆಚ್ಚು ಕಾಲ ಒಪ್ಪಿಗೆಯಾಗಲಿಲ್ಲ. ಆ ಬಟ್ಟೆ ಪಶ್ಚಿಮ ಆಫ್ರಿಕದಲ್ಲಿ ಮಾರುಕಟ್ಟೆಯನ್ನು ಕಂಡುಕೊಂಡಿತು. ಇಲ್ಲಿ ಗಮನಿಸಬೇಕಾದುದೊಂದಿದೆ. ಅಚ್ಚು ಬಂದಾಗ ಜಾವಾದ ಜನ ಅದನ್ನು ತಳ್ಳಲಿಲ್ಲ. ಆದರೆ ಕೈಬರಹದ ಬಟ್ಟೆಯನ್ನು ‘ತುಲಿಸ್’ ಎಂದೂ ಅಚ್ಚಿನದನ್ನು ‘ಚಾಪ್’ ಎಂದೂ ಬೇರೆ ಬೇರೆ ಹೆಸರಿನಿಂದ ಕರೆದರು. ಇಂದಿಗೂ ಅಲ್ಲಿ ಆ ಹೆಸರುಗಳು ನಡೆದಿವೆ. 2009ರಲ್ಲಿ ಯುನೆಸ್ಕೋ ಇಂಡೋನೇಷ್ಯದ ಬಾಟಿಕ್ಕನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಹೊಸ ಸಾಧನವನ್ನು ಒಳಗೆ ಬಿಟ್ಟುಕೊಂಡೂ ಪರಂಪರೆ ಉಳಿಯಿತು. ಏಕೆಂದರೆ ಯಾವುದು ಯಾವುದೆಂಬುದನ್ನು ಹೇಳುವ ಪ್ರಾಮಾಣಿಕತೆ ಉಳಿಯಿತು.

ಭಾರತದಲ್ಲಿ ಕಚ್ಛದ ಖತ್ರಿಗಳು ಮೇಣದ ತಡೆಯಿಂದ ಬಣ್ಣ ಹಾಕುವ ಕಸುಬನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ವಿದ್ಯಾಲಯಗಳ ಮೂಲಕ ಈ ಕಲೆ ಹರಡಿದುದಾದರೋ ಶಾಂತಿನಿಕೇತನದಿಂದ. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವಾ, ಬಾಲಿ ದ್ವೀಪಗಳಿಗೆ ಹೋಗಿಬಂದರು. ಅವರ ಸೊಸೆ ಪ್ರತಿಮಾದೇವಿಯವರ ಆಸಕ್ತಿಯಿಂದ ಅಲ್ಲಿ ಬಾಟಿಕ್ ಕಲಿಕೆ ಬೇರೂರಿತು. ದಕ್ಷಿಣದಲ್ಲಿ 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಮದರಾಸಿನ ಹೊರವಲಯದಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಕಟ್ಟಲ್ಪಟ್ಟಾಗ, ಅಲ್ಲಿಯ ಚಿತ್ರಕಾರರು ಬಾಟಿಕ್ ಮಾಡಿ ಮಾರಿ ಜೀವನ ಸಾಗಿಸಿದರು. ಯಾರ ಮುಂದೆಯೂ ಕೈಯೊಡ್ಡದೆ ಕಲೆಯನ್ನು ಉಳಿಸಿಕೊಂಡರು. ಅವರಲ್ಲಿ ಮೈಸೂರಿನವರಾದ ಎಸ್.ಜಿ. ವಾಸುದೇವ್ ಅವರೂ ಒಬ್ಬರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು ನೇಕಾರರೊಡನೆ ಕೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೇಯ್ಗೆಯಲ್ಲಿ ಮೂಡಿಸಿದರು. ಚಿತ್ರಕಾರನ ಕಲ್ಪನೆ ಹೊಸದು. ನೇಕಾರನ ಕೈ ಹಳೆಯದು. ಎರಡೂ ಸಮನಾಗಿ ಕುಳಿತಾಗ ಮೂರನೆಯದೊಂದು ಹುಟ್ಟಿತು.

ಹೊರಗಿನಿಂದ ಬಂದುದನ್ನು ತನ್ನದಾಗಿಸಿಕೊಳ್ಳುವುದು ಬೆಂಗಳೂರಿಗೆ ಹೊಸತಲ್ಲ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಪೇಟೆಯ ಪಟ್ಟೇಗಾರರು, ಖತ್ರಿಗಳು, ದೇವಾಂಗದವರು ಮುಂತಾದವರ ನೇಯ್ಗೆಯನ್ನೂ ಬಣ್ಣದ ಕೆಲಸವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಅವನು ಕಂಡ ಕಸುಬುದಾರರಲ್ಲಿ ಹಲವರ ಹಿರಿಯರು ಬೇರೆ ಸೀಮೆಗಳಿಂದ ಬಂದು ನೆಲೆಸಿದವರೇ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬಸವನಗುಡಿಯ ಬದಿಯಲ್ಲಿ ರೇಷ್ಮೆಯ ಪ್ರಾಯೋಗಿಕ ಕ್ಷೇತ್ರವನ್ನು ತೆರೆದರು. ಆ ಬಡಾವಣೆಗೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮದುವೆ ಮನೆಗಳಲ್ಲಿ ಪರಂಪರೆಯ ಗುರುತೆಂದು ಉಡುವ ಮೈಸೂರು ರೇಷ್ಮೆಯ ಸೀರೆಯಾದರೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ವಿದೇಶದ ಯಂತ್ರಮಗ್ಗಗಳಿಂದ ಆರಂಭವಾದ ಉದ್ಯಮದ ಫಲ. ಬಡಾವಣೆಗಳ ಕಥೆಯೂ ಹೀಗೆಯೇ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಸುಮಾರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ, ಇವೆಲ್ಲ ಒಂದು ಕಾಲಕ್ಕೆ ಅತ್ಯಂತ ಹೊಸ ಬಗೆಯ ಊರುಗಳು. ಹಿರಿಯರು ನೇರವಾದ ಬೀದಿ, ಗಾಳಿಬೆಳಕು, ಚರಂಡಿಗಳನ್ನು ಹೊಸತಿನಿಂದ ತೆಗೆದುಕೊಂಡರು. ಗುಡಿಯನ್ನಾಗಲಿ, ಕಾರ್ತಿಕದ ಕಡಲೆಕಾಯಿ ಪರಿಷೆಯನ್ನಾಗಲಿ ಬಿಟ್ಟುಕೊಡಲಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾರಬಾರದು ಎಂಬ ವಿವೇಕ ಅವರಿಗಿತ್ತು.

ಕೈಕಸುಬಿಗೂ ಇದೇ ವಿವೇಕ ಬೇಕು. ಹೊಸತೊಂದು ಎದುರು ಬಂದಾಗ ಅದಕ್ಕೆ ಮೂರು ಪ್ರಶ್ನೆಗಳನ್ನು ಹಾಕಬಹುದು. ಅದು ದುಡಿಯುವವನ ಮೈನೋವನ್ನು ಕಡಮೆ ಮಾಡುತ್ತದೆಯೇ? ಕೆಲಸದ ನಿರ್ಧಾರವನ್ನು ಅವನ ಕೈಯಲ್ಲಿಯೇ ಬಿಡುತ್ತದೆಯೇ? ಕೊಳ್ಳುವವನಿಗೆ ನಿಜವನ್ನು ಹೇಳಿ, ಫಲವನ್ನು ಮಾಡಿದವನಿಗೆ ತಲುಪಿಸುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಆ ಹೊಸತನ್ನು ಹಬ್ಬದಂತೆ ಬರಮಾಡಿಕೊಳ್ಳಬೇಕು. ಒಂದಕ್ಕಾದರೂ ಇಲ್ಲವೆಂದಾದರೆ ಎಷ್ಟೇ ಲಾಭವಿರಲಿ, ತಡೆದು ನಿಂತು ಯೋಚಿಸಬೇಕು.

ಈ ಒರೆಗಲ್ಲಿಗೆ ಒಂದೊಂದನ್ನೇ ಹಚ್ಚಿ ನೋಡಬಹುದು. ಸೀಮೆಎಣ್ಣೆಯ ಒಲೆಯ ಬದಲು ಕಾವನ್ನು ತಾನೇ ಹದದಲ್ಲಿಡುವ ವಿದ್ಯುತ್ ಒಲೆ ಬಂದರೆ ಮೇಣಕ್ಕೆ ಬೆಂಕಿ ಹತ್ತುವ ಭಯ ತಗ್ಗುತ್ತದೆ, ಹೊಗೆಯೂ ಇಲ್ಲ. ಅದನ್ನು ಬೇಡವೆನ್ನುವುದು ಸಂಪ್ರದಾಯನಿಷ್ಠೆಯಲ್ಲ, ದುಡಿಯುವವರ ಬಗೆಗಿನ ಅನಾದರ. ನ್ಯಾಫ್ತಾಲ್ ಬಣ್ಣಕ್ಕೆ ಕಾಸ್ಟಿಕ್ ಸೋಡಾ ಬೇಕು. ಅದು ಚರ್ಮವನ್ನು ಸುಡುತ್ತದೆ. ಕೈಗವಸು ತೊಡುವುದರಿಂದ ಕೈಕೆಲಸದ ಪಾವಿತ್ರ್ಯಕ್ಕೆ ಕುಂದಿಲ್ಲ. ಚಿತ್ರವನ್ನು ಮೊದಲು ಕಂಪ್ಯೂಟರಿನಲ್ಲಿ ತಿದ್ದಿ, ಬಳಿಕ ಬಟ್ಟೆಗೆ ಇಳಿಸಿ ಮೇಣ ಹಿಡಿದರೂ ಆಗಬಹುದು, ಗೆರೆಯ ನಿರ್ಧಾರ ಕೈಯಲ್ಲಿರುವವರೆಗೆ. ಆದರೆ ಬಿರುಕುಗೆರೆಯ ಛಾಯಾಚಿತ್ರ ತೆಗೆದು ಅದನ್ನೇ ಯಂತ್ರದಿಂದ ಬಟ್ಟೆಗೆ ಅಚ್ಚೊತ್ತಿ ಕೈಬಾಟಿಕ್ ಎಂದು ಮಾರಿದರೆ ಎರಡನೆಯ ಪ್ರಶ್ನೆಯಲ್ಲಿಯೂ ಮೂರನೆಯದರಲ್ಲಿಯೂ ಸೋಲುತ್ತದೆ. ವಿನ್ಯಾಸದ ವಿಷಯದಲ್ಲಿಯೂ ಇಷ್ಟೇ. ಜಾವಾದ ವಿನ್ಯಾಸಗಳನ್ನೇ ಕಣ್ಣುಮುಚ್ಚಿ ನಕಲು ಮಾಡುವ ಬದಲು, ಬಾಗಿಲ ಮುಂದಿನ ರಂಗೋಲಿಯ ಎಳೆ, ಧಾರವಾಡ ಸೀಮೆಯ ಕಸೂತಿಯ ಗೋಪುರ, ಇಳಕಲ್ ಸೀರೆಯ ಸೆರಗಿನ ತೆನೆ ಇವುಗಳಿಂದ ಪಾಠ ಕಲಿತರೆ ಬಂದ ಕಲೆ ಮನೆಯ ಕಲೆಯಾದೀತು.

ಬಣ್ಣದ ಮಾತು ಬಂದಾಗ ಸಸ್ಯಜನ್ಯವಾದುದೆಲ್ಲ ಒಳಿತು, ರಾಸಾಯನಿಕವೆಲ್ಲ ಕೆಡುಕು ಎಂದು ಬಿಡುವುದು ಸುಲಭ. ಸಸ್ಯದ ಬಣ್ಣವನ್ನು ಬಟ್ಟೆಗೆ ಹಿಡಿಸಲು ಲೋಹದ ಲವಣಗಳು ಬೇಕಾಗುತ್ತವೆ. ಅವುಗಳಲ್ಲಿ ಪಟಿಕದಂತಹ ಸಾಧುವಾದವೂ ಇವೆ, ಕ್ರೋಮಿಯಮ್ಮಿನ ಲವಣದಂತಹ ವಿಷವೂ ಇವೆ. ರಾಸಾಯನಿಕ ಬಣ್ಣಗಳಲ್ಲಿ ಕೆಲವು ಬಗೆಯ ಆಜೋ ಬಣ್ಣಗಳನ್ನು ಅಪಾಯಕರವೆಂದು ಭಾರತ ಸರ್ಕಾರ 1997ರಲ್ಲಿ ನಿಷೇಧಿಸಿತು. ಬಣ್ಣ ಯಾವುದೇ ಇರಲಿ, ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದೇ ನಿಜವಾದ ಪರೀಕ್ಷೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಹಿರಿಯರು ನಂಬಿ, ಅವನ ಹೆಸರನ್ನೇ ಇಟ್ಟ ವೃಷಭಾವತಿಯು ಇಂದು ನಗರದ ಕೊಳೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಹರಿಯುತ್ತಿದೆ. ಕೈಕಸುಬಿನ ನೀರು ಕಾರ್ಖಾನೆಯ ನೀರಿನ ಮುಂದೆ ಎಷ್ಟರದು ಎಂದು ಕೇಳಬಹುದು. ಬಸವನ ಹೆಸರು ಹೇಳುವವರಿಗೆ ಆ ಲೆಕ್ಕ ಸಲ್ಲದು. ಬಟ್ಟೆಯಿಂದ ಬಿಡಿಸಿದ ಮೇಣ, ನೀರು ತಣ್ಣಗಾದಾಗ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ. ಅದನ್ನು ತೆಗೆದು ಮತ್ತೆ ಬಳಸುವುದು ಹಳೆಯ ಮಿತವ್ಯಯ. ಬಣ್ಣದ ನೀರನ್ನು ಶುದ್ಧಿಮಾಡದೆ ಚರಂಡಿಗೆ ಬಿಡದಿರುವುದು ಹೊಸ ಕರ್ತವ್ಯ. ಇವೆರಡೂ ಒಂದೇ ತೊಟ್ಟಿಯ ಬಳಿ ಕಲಿಯಬೇಕಾದ ಪಾಠಗಳು.

ಈ ದಾರಿಯಲ್ಲಿ ನಡೆದು ತೋರಿಸಿದವರು ನಾಡಿನಲ್ಲಿಯೇ ಇದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ಕುಶಲಕರ್ಮಿಗೆ ಕನಿಕರ ಬೇಡ, ವಿನ್ಯಾಸ ಮತ್ತು ಮಾರುಕಟ್ಟೆ ಬೇಕು ಎಂಬ ನಿಲುವಿನಿಂದ ದುಡಿದರು. ಬೆಂಗಳೂರಿನಲ್ಲಿಯೂ ಒಂದು ವಿನ್ಯಾಸ ಕೇಂದ್ರ ಏರ್ಪಟ್ಟುದು ಆ ಪ್ರಯತ್ನದ ಭಾಗವಾಗಿ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಅಡಕೆಯ ಚೊಗರಿನಂತಹ ಮಲೆನಾಡಿನ ಪದಾರ್ಥಗಳಿಂದಲೇ ಕೈಮಗ್ಗದ ನೂಲಿಗೆ ಬಣ್ಣ ಹಾಕಿದರು. ಆ ಬಟ್ಟೆ ‘ದೇಸಿ’ ಅಂಗಡಿಗಳ ಮೂಲಕ ಬೆಂಗಳೂರಿಗೆ ಬಂದಿತು. ಅಡಕೆ ಬೇಯಿಸಿ ಉಳಿದ ಚೊಗರಿಗೆ ನಗರದ ಕಾಲೇಜು ಹುಡುಗನ ಜುಬ್ಬದಲ್ಲಿ ಸ್ಥಾನ ದೊರೆತುದು ಹಳತೋ ಹೊಸತೋ ಹೇಳುವುದು ಕಷ್ಟ. ಆದರೂ ಆ ಸಂಸ್ಥೆಯೇ 2020ರಲ್ಲಿ ತನ್ನ ಸಂಕಷ್ಟವನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಕೊಳ್ಳುವ ಜನ ನಿಂತೊಡನೆ ಮಗ್ಗವೂ ನಿಲ್ಲುತ್ತದೆ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಈ ಕಸುಬಿನಲ್ಲಿದ್ದರು. ಹತ್ತು ವರ್ಷಗಳ ಹಿಂದಿನ ಗಣತಿಯಲ್ಲಿ ಈ ಸಂಖ್ಯೆ 43 ಲಕ್ಷವನ್ನು ಮೀರಿತ್ತು. ಕಲೆಯ ಅಳಿವು ಉಳಿವುಗಳನ್ನು ನಿರ್ಧರಿಸುವುದು ಪ್ರಶಸ್ತಿಗಳಲ್ಲ, ತಿಂಗಳ ಕೊನೆಗೆ ಕೈಗೆ ಬರುವ ಹಣ.

ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಈ ಮಾತು ದೂರದ್ದಲ್ಲ. ಜೇಡರ ದಾಸಿಮಯ್ಯನವರು ನೇಯುವವರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರು. ಅನುಭವ ಮಂಟಪಕ್ಕೆ ಬಂದ ಶರಣರು ಕಸುಬನ್ನು ಹೊರಗಿಟ್ಟು ಒಳಗೆ ಬಂದವರಲ್ಲ. ಕಸುಬಿನೊಡನೆಯೇ ಬಂದು ಕುಳಿತವರು. ಶರಣರು ಕಾಯಕಕ್ಕೆ ಗೌರವ ತಂದುದು ಒಂದು ಹೆಜ್ಜೆ; ಕಾಯಕವನ್ನು ಹುಟ್ಟಿನ ಮೇಲುಕೀಳಿನಿಂದ ಬಿಡಿಸಿದುದು ಅದಕ್ಕಿಂತ ದೊಡ್ಡ ಹೆಜ್ಜೆ. ಪತಿ ಮಾರಯ್ಯ ಅಂದಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಸುಳ್ಳು ಹೆಸರಿನಿಂದ ಗಳಿಸಿದ ಹೆಚ್ಚಿನ ಬೆಲೆಯೂ ಅಂತಹ ಅಕ್ಕಿಯೇ. ಅದನ್ನು ಮನೆಗೆ ತರದಿರುವುದು ಮಾರುಕಟ್ಟೆಯ ನೀತಿ ಮಾತ್ರವಲ್ಲ, ಕಾಯಕದ ನೀತಿ.

ಆದರೆ ಶಾಲೆಗಳಲ್ಲಿ ಕಾಯಕವು ಭಾಷಣದಲ್ಲಿ ಉಳಿದಷ್ಟು ಬೆರಳಿನಲ್ಲಿ ಉಳಿದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕವೇ ಶಿಕ್ಷಣವೆಂಬ ಮೂಲಶಿಕ್ಷಣವನ್ನು ದೇಶದ ಮುಂದಿಟ್ಟರು. ಮುಂದೆ ಅದು ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೆರಡು ಪಿರಿಯಡ್ಡಿಗೆ ಇಳಿಯಿತು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಂತೆ ಆ ಪಿರಿಯಡ್ಡೂ ಗಣಿತಕ್ಕೆ ಹೋಯಿತು. ವಾರ್ಷಿಕೋತ್ಸವದ ದಿನ ಮೇಜಿನ ಮೇಲೆ ಹರಡುವ ಕರವಸ್ತ್ರಗಳಲ್ಲಿ ಎಷ್ಟನ್ನು ಮಕ್ಕಳು ಮಾಡಿದರು, ಎಷ್ಟನ್ನು ತಾಯಂದಿರು ಮಾಡಿಕೊಟ್ಟರು ಎಂಬುದು ಅಧ್ಯಾಪಕರಿಗೆ ತಿಳಿಯದ ಸಂಗತಿಯಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಸೂಚಿಸಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಹತ್ತು ದಿನದಲ್ಲಿ ಮೇಣದ ಕಾವು ಸಹ ತಿಳಿಯದು.

ಕಸುಬಿನ ಶಿಕ್ಷಣಕ್ಕೆ ಎರಡು ಆಕ್ಷೇಪಗಳಿವೆ. ಎರಡನ್ನೂ ಗೌರವದಿಂದ ಕೇಳಬೇಕು. ನೇಕಾರನ ಮಗನನ್ನು ಮತ್ತೆ ಮಗ್ಗಕ್ಕೆ ಕಟ್ಟುವ ಹುನ್ನಾರ ಇದು ಎಂಬುದು ಒಂದು. ಕಸುಬನ್ನು ಬಡವರ ಮಕ್ಕಳಿಗೆ ಮಾತ್ರ ಕಲಿಸಿದರೆ ಈ ಆಕ್ಷೇಪ ಸತ್ಯವೇ. ಅದಕ್ಕೆ ಉತ್ತರವೆಂದರೆ ಎಲ್ಲರಿಗೂ ಕಲಿಸುವುದು: ವೈದ್ಯರ ಮಗನಿಗೂ, ವರ್ತಕರ ಮಗಳಿಗೂ, ಹಾಸ್ಟೆಲಿನ ಹುಡುಗನಿಗೂ ಒಂದೇ ತೊಟ್ಟಿಯ ಬಳಿ ಒಂದೇ ಪಾಠ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಆಟ ಎಂಬ ಹಳೆಯ ವಿಂಗಡಣೆಯೂ ಅಲ್ಲಿ ಬೇಡ. ಅಂಕಗಳಿಗೆ ಹಾನಿಯೆಂಬುದು ಇನ್ನೊಂದು ಆಕ್ಷೇಪ, ಇದು ಪೋಷಕರದು. ಮೇಣದ ಬೆರಕೆಯಲ್ಲಿ ಪ್ರಮಾಣದ ಗಣಿತವಿದೆ; ನ್ಯಾಫ್ತಾಲ್ ತೊಟ್ಟಿಯಿಂದ ತೆಗೆದ ಬಟ್ಟೆ ಎರಡನೆಯ ತೊಟ್ಟಿಗೆ ಇಳಿದೊಡನೆ ಬಣ್ಣ ತಳೆಯುವುದರಲ್ಲಿ ರಸಾಯನಶಾಸ್ತ್ರವಿದೆ; ಜಾವಾದಿಂದ ಹಾಲೆಂಡಿಗೆ, ಆಫ್ರಿಕಕ್ಕೆ ಹೋದ ಬಟ್ಟೆಯಲ್ಲಿ ಚರಿತ್ರೆಯಿದೆ. ಒಳ್ಳೆಯ ಅಧ್ಯಾಪಕನಿಗೆ ಇದು ಪಾಠದಿಂದ ಕದ್ದ ಹೊತ್ತಲ್ಲ, ಪಾಠಕ್ಕೆ ಸಿಕ್ಕ ಹೊತ್ತು.

ಇನ್ನು ದಾನಿಗಳ ಮಾತು. ಮಠಗಳ ಶಾಲೆಗಳು ಬೆಳೆದುದೇ ಭಕ್ತರ ಔದಾರ್ಯದಿಂದ. ಕೊಠಡಿಗಳ ಬಾಗಿಲ ಮೇಲಿನ ಕಲ್ಲಿನ ಹಲಗೆಗಳು ಅದಕ್ಕೆ ಸಾಕ್ಷಿ. ಕೊಠಡಿ ಕಣ್ಣಿಗೆ ಕಾಣುತ್ತದೆ, ಹೆಸರು ಉಳಿಯುತ್ತದೆ. ಆದರೆ ಈಗ ಕೊರತೆಯಿರುವುದು ಕೊಠಡಿಗಲ್ಲ, ಕೈಗೆ. ಒಬ್ಬ ನುರಿತ ಕುಶಲಕರ್ಮಿಯನ್ನು, ಪದವಿಯ ಕಾಗದ ಇಲ್ಲದಿದ್ದರೂ ಸರಿ, ಅಧ್ಯಾಪಕರ ಸಮಾನ ಗೌರವದಿಂದ, ಅಧ್ಯಾಪಕರ ಕೋಣೆಯಲ್ಲಿಯೇ ಒಂದು ಕುರ್ಚಿಯೊಡನೆ ನೇಮಿಸಿಕೊಳ್ಳಲು ದತ್ತಿಯೊಂದನ್ನು ಇಡಬಹುದು. ಗಾಳಿಯಾಡುವ ಒಂದು ಮೂಲೆ, ಕಾವು ಹಿಡಿಯುವ ಒಲೆ, ಬಣ್ಣದ ನೀರನ್ನು ಶುದ್ಧಿಮಾಡುವ ತೊಟ್ಟಿ ಇಷ್ಟಕ್ಕೆ ಆಗುವ ವೆಚ್ಚ ಒಂದು ಸಭಾಂಗಣದ ಮುಂದೆ ಅಲ್ಪವೇ. ಹಳೆಯ ವಿದ್ಯಾರ್ಥಿಗಳ ಸಂಘವು ಸನ್ಮಾನಗಳಿಗೆ ಹೊದಿಸುವ ಶಾಲು, ಅತಿಥಿಗಳಿಗೆ ಕೊಡುವ ಕಾಣಿಕೆ, ವೇದಿಕೆಯ ಹಿಂದಿನ ಪರದೆ ಇವುಗಳನ್ನು ಕೈಕೆಲಸದವರಿಂದಲೇ, ಮಾಡಿದವರ ಹೆಸರಿನ ಚೀಟಿಯೊಡನೆ, ಸರಿಯಾದ ಬೆಲೆ ಕೊಟ್ಟು ಕೊಳ್ಳುತ್ತೇವೆಂದು ಸಂಕಲ್ಪಿಸಿದರೆ ಅದೇ ಒಂದು ದಾಸೋಹ. ಹೊದಿಸಿದ ಶಾಲು ಗಿರಣಿಯದೋ ಮಗ್ಗದ್ದೋ ಎಂದು ಕೇಳುವ ಅಭ್ಯಾಸ ಒಂದು ಸಂಸ್ಥೆಯಲ್ಲಿ ಆರಂಭವಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ.

ಕಲಿತ ಮಕ್ಕಳೆಲ್ಲರೂ ಬಾಟಿಕ್ ಮಾಡಿಯೇ ಬದುಕಬೇಕೆಂದೇನೂ ಇಲ್ಲ. ನೂರರಲ್ಲಿ ಒಬ್ಬರು ಆ ದಾರಿ ಹಿಡಿದರೂ ಸಾಕು. ಉಳಿದ ತೊಂಬತ್ತೊಂಬತ್ತು ಮಂದಿ ನಾಳೆ ಅಧಿಕಾರಿಗಳಾಗಿ, ಎಂಜಿನಿಯರುಗಳಾಗಿ, ಗೃಹಸ್ಥರಾಗಿ ಗಾಂಧಿ ಬಜಾರಿನ ಅಂಗಡಿಯ ಮುಂದೆ ನಿಂತಾಗ ಬಟ್ಟೆಯನ್ನು ಮಗುಚಿ ಅದರ ಹಿಂಬದಿಯನ್ನು ನೋಡುವರು. ಅಲ್ಲಿ ಬಣ್ಣ ಇಳಿದಿದೆಯೇ ಎಂದು ಕೇಳುವರು. ಇಳಿದಿದ್ದರೆ ಕೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಡುವರು. ಕಲೆಯನ್ನು ಉಳಿಸಲು ಮಾಡುವವನೊಬ್ಬನಿದ್ದರೆ ಸಾಲದು, ಗುರುತಿಸುವವರೂ ಬೇಕು. ಅಂತಹ ಕಣ್ಣನ್ನೂ ಕೈಯನ್ನೂ ಬೆಳೆಸುವ ಕೆಲಸವನ್ನು ಶಾಲೆಯಷ್ಟು ಚೆನ್ನಾಗಿ ಇನ್ನಾವುದೂ ಮಾಡಲಾರದು. ಶರಣರ ಹೆಸರು ಹೊತ್ತ ಶಾಲೆಯಾದರಂತೂ ಅದನ್ನು ಮಾಡದಿರಲಾಗದು.